ಮೂರು ಮಿಲಿಮೀಟರ್ ಲೆಕ್ಕ: ಕಾರಿನ ಬ್ರೇಕ್ ಪ್ಯಾಡ್ ಬದಲಿಸುವುದು ಯಾವಾಗ?

“ಬ್ರೇಕ್ ಚೆನ್ನಾಗೇ ಹಿಡೀತಿದೆಯಲ್ಲ, ಪ್ಯಾಡ್ ಯಾಕೆ ಬದಲಾಯಿಸಬೇಕು?” ಸರ್ವಿಸಿಗೆ ಕಾರು ಬಿಟ್ಟವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಇದು. ನ್ಯಾಯವಾದ ಪ್ರಶ್ನೆಯೇ. ಆದರೆ ಮುಕ್ಕಾಲು ಭಾಗ ಸವೆದ ಪ್ಯಾಡ್ ಕೂಡ ಊರೊಳಗಿನ ಓಡಾಟದಲ್ಲಿ ಹೆಚ್ಚುಕಡಿಮೆ ಹೊಸದರಂತೆಯೇ ಹಿಡಿಯುತ್ತದೆ ಎಂಬುದು ಹಲವರಿಗೆ ಗೊತ್ತಿರುವುದಿಲ್ಲ. ಡಿಸ್ಕ್ ಬ್ರೇಕಿನಲ್ಲಿ ಪ್ಯಾಡ್ ಸವೆದಷ್ಟೂ ಅದನ್ನು ಒತ್ತುವ ಪಿಸ್ಟನ್ ತಾನಾಗಿ ಮುಂದಕ್ಕೆ ಸರಿದು ಅಂತರ ತುಂಬಿಕೊಳ್ಳುತ್ತದೆ. ಹಾಗಾಗಿ ಪೆಡಲ್ ಮೊದಲಿನಷ್ಟೇ ಇಳಿಯುತ್ತದೆ, ಕಾಲಿಗೆ ವ್ಯತ್ಯಾಸ ಸಿಗುವುದಿಲ್ಲ. ಸವೆದ ಪ್ಯಾಡಿನ ದೌರ್ಬಲ್ಯ ಬಯಲಾಗುವುದು ಬ್ರೇಕಿನ ಮೇಲೆ ನಿಜವಾದ ಹೊರೆ ಬಿದ್ದಾಗ. ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಚಾರ್ಮಾಡಿ ಘಾಟಿ ಇಳಿಯುವಾಗಲೋ, ಹೆದ್ದಾರಿಯಲ್ಲಿ ಎದುರಿಗೆ ದನ ನುಗ್ಗಿದಾಗಲೋ ಅದು ಗೊತ್ತಾಗುತ್ತದೆ. ಆ ಹೊತ್ತಿಗೆ ತಿಳಿದು ಪ್ರಯೋಜನವಿಲ್ಲ.

ಆದ್ದರಿಂದ ಕಾಲಿನ ಅಂದಾಜನ್ನು ನಂಬಿ ಕೂರುವುದು ಬೇಡ, ಶಬ್ದ ಬರುವವರೆಗೆ ಕಾಯುವುದೂ ಬೇಡ. ಪ್ಯಾಡ್ ಎಷ್ಟು ಉಳಿದಿದೆ ಎಂದು ಕಣ್ಣಿನಿಂದ ನೋಡಿಯೇ ತೀರ್ಮಾನಿಸಬೇಕು. ಇದಕ್ಕೆ ಮೆಕ್ಯಾನಿಕ್ ವಿದ್ಯೆಯೇನೂ ಬೇಡ. ಮೊಬೈಲಿನ ಟಾರ್ಚ್ ಮತ್ತು ಹತ್ತು ನಿಮಿಷದ ಬಿಡುವಿದ್ದರೆ ಸಾಕು.

ಪ್ಯಾಡ್ ಎಲ್ಲಿದೆ, ಏನು ಮಾಡುತ್ತದೆ?

ಸೈಕಲ್ಲಿನ ಬ್ರೇಕ್ ಹಿಡಿದಾಗ ಎರಡು ರಬ್ಬರ್ ತುಂಡುಗಳು ಚಕ್ರದ ರಿಮ್ಮನ್ನು ಅದುಮುವುದನ್ನು ಎಲ್ಲರೂ ನೋಡಿದ್ದೇವೆ. ಕಾರಿನ ಡಿಸ್ಕ್ ಬ್ರೇಕ್ ಕೂಡ ಇದೇ ತತ್ವದ್ದು. ಚಕ್ರದ ಜೊತೆ ತಿರುಗುವ ಉಕ್ಕಿನ ಬಣ್ಣದ ತಟ್ಟೆಯೇ ಡಿಸ್ಕ್. ಅದರ ಒಂದು ಬದಿಯನ್ನು ಕಚ್ಚಿ ಕುಳಿತ ದಪ್ಪ ಲೋಹದ ಭಾಗವೇ ಕ್ಯಾಲಿಪರ್. ಅದರೊಳಗೆ ಡಿಸ್ಕಿನ ಹೊರಮಗ್ಗುಲಿಗೊಂದು, ಒಳಮಗ್ಗುಲಿಗೊಂದು ಪ್ಯಾಡ್ ಇರುತ್ತದೆ. ಪೆಡಲ್ ಒತ್ತಿದರೆ ಬ್ರೇಕ್ ಆಯಿಲ್ ಮೂಲಕ ಒತ್ತಡ ಹರಿದು, ಎರಡೂ ಪ್ಯಾಡ್‌ಗಳು ಡಿಸ್ಕನ್ನು ಹಿಂಡುತ್ತವೆ. ಓಟದ ಶಕ್ತಿಯೆಲ್ಲ ಶಾಖವಾಗಿ ಬದಲಾಗುತ್ತದೆ.

ಪ್ಯಾಡನ್ನು ಕೈಯಲ್ಲಿ ಹಿಡಿದು ನೋಡಿದರೆ ಎರಡು ಪದರ ಕಾಣುತ್ತವೆ. ಹಿಂದಿರುವುದು ಉಕ್ಕಿನ ತಗಡು. ಅದರ ಮೇಲೆ ಅಂಟಿಸಿದ ಕಪ್ಪು ಅಥವಾ ಬೂದು ಬಣ್ಣದ ಗಟ್ಟಿ ಪದರವೇ ಸವೆಯುವ ಭಾಗ. ಹೊಸ ಪ್ಯಾಡಿನಲ್ಲಿ ಈ ಪದರ ಸಾಮಾನ್ಯವಾಗಿ 10ರಿಂದ 12 ಮಿಲಿಮೀಟರ್ ದಪ್ಪ ಇರುತ್ತದೆ. ನಾವು ಅಳೆಯಬೇಕಾದದ್ದು ಈ ಪದರವನ್ನು ಮಾತ್ರ. ಹಿಂದಿನ ತಗಡಿನ ದಪ್ಪವನ್ನೂ ಸೇರಿಸಿ ನೋಡಿ “ಇನ್ನೂ ಬೇಕಾದಷ್ಟಿದೆ” ಎಂದುಕೊಳ್ಳುವುದು ಹೊಸಬರು ಸಾಮಾನ್ಯವಾಗಿ ಮಾಡುವ ತಪ್ಪು.

ಬ್ರೇಕ್ ಹಾಕಿದಾಗ ಕಾರಿನ ಭಾರ ಮುಂದಕ್ಕೆ ವಾಲುತ್ತದೆ. ಹೀಗಾಗಿ ನಿಲ್ಲಿಸುವ ಕೆಲಸದ ಸುಮಾರು ಶೇ. 60ರಿಂದ 70ರಷ್ಟು ಮುಂದಿನ ಚಕ್ರಗಳ ಪಾಲಿಗೆ ಬರುತ್ತದೆ. ನಮ್ಮಲ್ಲಿ ಹೆಚ್ಚಾಗಿ ಓಡುವ ಸಣ್ಣ ಮತ್ತು ಮಧ್ಯಮ ಗಾತ್ರದ ಕಾರುಗಳಲ್ಲಿ ಮುಂದೆ ಡಿಸ್ಕ್, ಹಿಂದೆ ಡ್ರಮ್ ಇರುವುದು ರೂಢಿ. ಮೊದಲು ಸವೆಯುವುದು ಮುಂದಿನ ಪ್ಯಾಡ್‌ಗಳು, ಮೊದಲು ನೋಡಬೇಕಾದದ್ದೂ ಅವನ್ನೇ.

ನೋಡುವುದು ಹೇಗೆ?

ಸಮತಟ್ಟಾದ ನೆಲದಲ್ಲಿ ಕಾರು ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಗೇರಿನಲ್ಲಿ ಬಿಡಿ. ಈಗತಾನೇ ಓಡಿಸಿ ತಂದ ಕಾರಾದರೆ ಅರ್ಧ ಗಂಟೆ ಆರಲು ಬಿಡಿ. ಬಿಸಿ ಡಿಸ್ಕ್ ಮುಟ್ಟಿದರೆ ಕೈ ಸುಡುತ್ತದೆ.

ಅಲಾಯ್ ಚಕ್ರಗಳಿದ್ದರೆ ಕೆಲಸ ಸುಲಭ. ಸ್ಟಿಯರಿಂಗನ್ನು ಒಂದು ಕಡೆಗೆ ಪೂರ್ತಿ ತಿರುಗಿಸಿ, ಚಕ್ರದ ಸಂದಿಯಿಂದ ಟಾರ್ಚ್ ಬಿಡಿ. ಕ್ಯಾಲಿಪರ್ ಮತ್ತು ಡಿಸ್ಕಿನ ನಡುವೆ ಹೊರಗಿನ ಪ್ಯಾಡಿನ ಅಂಚು ಕಾಣುತ್ತದೆ. ಉಕ್ಕಿನ ತಗಡು ಎಲ್ಲಿ ಮುಗಿದು ಸವೆಯುವ ಪದರ ಎಲ್ಲಿ ಶುರುವಾಗುತ್ತದೆ ಎಂಬುದನ್ನು ಗುರುತಿಸಿ. ಮಾಮೂಲಿ ಉಕ್ಕಿನ ಚಕ್ರವಾಗಿದ್ದು, ಪ್ಲಾಸ್ಟಿಕ್ ಕವರ್ ಹಾಕಿದ್ದರೆ ಸಂದಿಯಿಂದ ಕಾಣುವುದು ಕಷ್ಟ. ಆಗ ಚಕ್ರ ಬಿಚ್ಚಿಯೇ ನೋಡಬೇಕು. ಚಕ್ರ ಬಿಚ್ಚುವಾಗ ಉಳಿದ ಚಕ್ರಗಳಿಗೆ ಕಲ್ಲು ಕೊಡಿ. ಬರೀ ಜಾಕಿನ ಮೇಲೆ ನಿಂತ ಕಾರಿನಡಿಗೆ ಕೈಕಾಲು ಚಾಚಬೇಡಿ.

ಇಲ್ಲಿ ಮುಖ್ಯವಾದ ವಿಷಯವೊಂದಿದೆ. ಹೊರಗಿನ ಪ್ಯಾಡ್ ಚೆನ್ನಾಗಿದೆಯೆಂದು ಒಳಗಿನದೂ ಹಾಗೇ ಇದೆ ಎಂದು ತಿಳಿಯಬೇಡಿ. ಕ್ಯಾಲಿಪರ್ ಸರಾಗವಾಗಿ ಸರಿಯಲು ಎರಡು ಪಿನ್ನುಗಳಿರುತ್ತವೆ. ಅವುಗಳ ಗ್ರೀಸ್ ಒಣಗಿ ತುಕ್ಕು ಹಿಡಿದರೆ ಕ್ಯಾಲಿಪರ್ ಸಿಕ್ಕಿಹಾಕಿಕೊಂಡು, ಪಿಸ್ಟನ್ ಬದಿಯ ಒಳಗಿನ ಪ್ಯಾಡ್ ಮಾತ್ರ ಬೇಗ ಸವೆದುಹೋಗುತ್ತದೆ. ಉಪ್ಪುಗಾಳಿ ಬೀಸುವ ಮಂಗಳೂರು, ಉಡುಪಿ, ಕಾರವಾರದ ಕಡೆ, ತಿಂಗಳುಗಟ್ಟಲೆ ಮಳೆ ಸುರಿಯುವ ಮಲೆನಾಡಿನಲ್ಲಿ ಇದು ಹೆಚ್ಚು. ಆದ್ದರಿಂದ ಸಂದಿಯಿಂದ ಇಣುಕಿ ನೋಡುವುದು ಆಗಾಗ ಮಾಡುವ ತಪಾಸಣೆ. ಟೈರ್ ಅದಲುಬದಲು ಮಾಡಿಸಲು ಚಕ್ರ ಬಿಚ್ಚಿದಾಗ, ಅಂದರೆ ಸುಮಾರು 10,000 ಕಿಲೋಮೀಟರಿಗೊಮ್ಮೆ, ಒಳಗಿನದನ್ನೂ ನೋಡಿಸಲೇಬೇಕು.

ಅಳೆಯಲು ಏನೂ ಇಲ್ಲದಿದ್ದರೆ ಜೇಬಿನಲ್ಲಿರುವ ಒಂದು ರೂಪಾಯಿಯ ಸ್ಟೀಲ್ ನಾಣ್ಯ ಎರಡು ತೆಗೆದು ಒಂದರ ಮೇಲೊಂದು ಇಡಿ. ಆ ದಪ್ಪ ಹತ್ತಿರಹತ್ತಿರ 3 ಮಿಲಿಮೀಟರ್. ಪ್ಯಾಡಿನ ಪದರ ಅದಕ್ಕಿಂತ ತೆಳ್ಳಗೆ ಕಂಡರೆ ತಡಮಾಡದೆ ಬದಲಿಸಿ.

ಎಷ್ಟು ಉಳಿದಿದ್ದರೆ ಏನು ಮಾಡಬೇಕು?

• 6 ಮಿ.ಮೀ. ಅಥವಾ ಹೆಚ್ಚು: ಚಿಂತೆಯಿಲ್ಲ. ಮುಂದಿನ ಸರ್ವಿಸಿನಲ್ಲಿ ಮತ್ತೆ ನೋಡಿಸಿ.

• 4ರಿಂದ 5 ಮಿ.ಮೀ.: ಬಳಸಬಹುದು, ಆದರೆ ಗಮನವಿರಲಿ. ಎರಡು ಮೂರು ಸಾವಿರ ಕಿಲೋಮೀಟರಿಗೊಮ್ಮೆ ನೋಡಿ. ಘಾಟಿ ಪ್ರವಾಸ ಇದ್ದರೆ ಹೊರಡುವ ಮೊದಲೇ ಬದಲಿಸುವುದು ಒಳ್ಳೆಯದು.

• 3 ಮಿ.ಮೀ.: ಬದಲಿಸುವ ಸಮಯ. ಇನ್ನೊಂದಿಷ್ಟು ದಿನ ಓಡುತ್ತದೆ ಎಂಬ ಲೆಕ್ಕ ಬೇಡ.

• 2 ಮಿ.ಮೀ. ಅಥವಾ ಕಡಿಮೆ: ನೇರವಾಗಿ ಗ್ಯಾರೇಜಿಗೆ ಹೋಗಿ. ಹೆದ್ದಾರಿಗೂ ಬೇಡ, ಘಾಟಿಗಂತೂ ಬೇಡವೇ ಬೇಡ.

ನಿಮ್ಮ ಕಾರಿನ ಕೈಪಿಡಿಯಲ್ಲಿ ಕಂಪನಿ ಬೇರೆ ಮಿತಿ ಕೊಟ್ಟಿದ್ದರೆ ಅದನ್ನೇ ಅನುಸರಿಸಿ. ಎಷ್ಟೋ ಕಡೆ ಆ ಮಿತಿ 3ಕ್ಕಿಂತ ಕಡಿಮೆ ಇರಬಹುದು. ಅದು ದಾಟಲೇಬಾರದ ಕೊನೆಯ ಗೆರೆ, ಅಲ್ಲಿಯವರೆಗೂ ಎಳೆಯಬೇಕೆಂಬ ಗುರಿಯಲ್ಲ.

ಪದರ ತೆಳ್ಳಗಾದಷ್ಟೂ ಅಪಾಯ ಯಾಕೆ ಹೆಚ್ಚುತ್ತದೆ? ದಪ್ಪ ಪ್ಯಾಡ್ ಡಿಸ್ಕಿನ ಶಾಖವನ್ನು ಒಂದಿಷ್ಟು ತಡೆದು ನಿಲ್ಲಿಸುತ್ತದೆ. ತೆಳುವಾದ ಪ್ಯಾಡ್ ಆ ಶಾಖವನ್ನು ಪಿಸ್ಟನ್ನಿಗೆ, ಅಲ್ಲಿಂದ ಬ್ರೇಕ್ ಆಯಿಲ್‌ಗೆ ಬೇಗ ದಾಟಿಸುತ್ತದೆ. ಅಷ್ಟೇ ಅಲ್ಲ, ಪದರದ ಕೊನೆಯ ಭಾಗ ತಗಡಿನಿಂದ ಕಿತ್ತುಬರುವ, ಬಿರುಕು ಬಿಡುವ ಸಾಧ್ಯತೆಯೂ ಹೆಚ್ಚು.

ದಪ್ಪದ ಜೊತೆಗೆ ಇನ್ನೂ ಕೆಲವನ್ನು ಗಮನಿಸಿ. ಪ್ಯಾಡ್ ಒಂದು ತುದಿಯಲ್ಲಿ ತೆಳ್ಳಗೆ, ಇನ್ನೊಂದು ತುದಿಯಲ್ಲಿ ದಪ್ಪಗೆ ಓರೆಯಾಗಿ ಸವೆದಿದ್ದರೆ ಕ್ಯಾಲಿಪರ್ ಸರಿಯಾಗಿ ಸರಿಯುತ್ತಿಲ್ಲವೆಂದು ಅರ್ಥ. ಮೇಲ್ಮೈ ಗಾಜಿನಂತೆ ಹೊಳೆಯುತ್ತಿದ್ದರೆ ಅದು ಅತಿಯಾಗಿ ಕಾದಿದೆ. ಬಿರುಕು ಕಂಡರೆ ಅಥವಾ ಎಣ್ಣೆ, ಗ್ರೀಸಿನಲ್ಲಿ ನೆನೆದಿದ್ದರೆ ದಪ್ಪ ಎಷ್ಟೇ ಇರಲಿ, ಬದಲಿಸಬೇಕು. ಎಣ್ಣೆ ಕುಡಿದ ಪ್ಯಾಡನ್ನು ಮರಳು ಕಾಗದದಲ್ಲಿ ತಿಕ್ಕಿ ಮತ್ತೆ ಹಾಕುವುದು ಸರಿಯಲ್ಲ.

ಕಿವಿಗೆ ಬರುವ ಎಚ್ಚರಿಕೆ

ಹಲವು ಪ್ಯಾಡ್‌ಗಳಲ್ಲಿ ಉಕ್ಕಿನ ಒಂದು ಸಣ್ಣ ನಾಲಿಗೆಯನ್ನು ಬಾಗಿಸಿ ಜೋಡಿಸಿರುತ್ತಾರೆ. ಪದರ ಸುಮಾರು 2 ಮಿಲಿಮೀಟರಿಗೆ ಇಳಿದಾಗ ಈ ನಾಲಿಗೆ ಡಿಸ್ಕಿಗೆ ತಾಗಿ ‘ಕೀ…’ ಎಂದು ತೀಕ್ಷ್ಣವಾಗಿ ಕಿರುಚುತ್ತದೆ. ಕಿಟಕಿ ಇಳಿಸಿಕೊಂಡು, ಗೋಡೆಯ ಪಕ್ಕ ನಿಧಾನವಾಗಿ ಓಡಿಸಿದರೆ ಚೆನ್ನಾಗಿ ಕೇಳುತ್ತದೆ. ಇದು ಏನೋ ಕೆಟ್ಟುಹೋಗಿ ಬರುವ ಶಬ್ದವಲ್ಲ, ಎಚ್ಚರಿಸಲೆಂದೇ ಮಾಡಿದ ವ್ಯವಸ್ಥೆ. ಹಾಡಿನ ಸದ್ದು ಏರಿಸಿಕೊಂಡು ಓಡಿಸುವವರಿಗೆ ಇದು ಕೇಳುವುದೇ ಇಲ್ಲ. ವಾರಕ್ಕೊಮ್ಮೆಯಾದರೂ ಐದು ನಿಮಿಷ ಎಲ್ಲ ಆಫ್ ಮಾಡಿ ಓಡಿಸಿ, ಕಾರಿನ ಸದ್ದು ಕೇಳಿ. ಕಡಿಮೆ ಬೆಲೆಯ ಕೆಲವು ಪ್ಯಾಡ್‌ಗಳಲ್ಲಿ ಈ ನಾಲಿಗೆಯೇ ಇರುವುದಿಲ್ಲ ಎಂಬುದೂ ನೆನಪಿರಲಿ.

ಕಿರುಚಾಟವನ್ನು ಕಡೆಗಣಿಸಿದರೆ ಮುಂದೆ ಬರುವುದು ‘ಗರಗರ’ ಶಬ್ದ. ಪದರ ಪೂರ್ತಿ ಮುಗಿದು ಉಕ್ಕಿನ ತಗಡೇ ಡಿಸ್ಕನ್ನು ಉಜ್ಜುತ್ತಿದೆ ಎಂದರ್ಥ. ಪೆಡಲಿನಲ್ಲಿಯೂ ಒರಟಾದ ಉಜ್ಜಾಟ ಗೊತ್ತಾಗುತ್ತದೆ. ಈ ಹಂತದಲ್ಲಿ ಕಾರು ನಿಲ್ಲಲು ಬೇಕಾದ ದೂರ ಹೆಚ್ಚುತ್ತದೆ, ಡಿಸ್ಕಿನ ಮೇಲೆ ಆಳವಾದ ಗೀರುಗಳು ಬೀಳುತ್ತವೆ. ಆಮೇಲೆ ಪ್ಯಾಡ್ ಬದಲಿಸಿದರಷ್ಟೇ ಸಾಲದು, ಡಿಸ್ಕನ್ನೂ ಬದಲಿಸಬೇಕಾಗುತ್ತದೆ. ಸಣ್ಣ ಕಾರುಗಳ ಮುಂದಿನ ಪ್ಯಾಡ್ ಸೆಟ್ಟಿಗೆ ಸಾಮಾನ್ಯವಾಗಿ ಒಂದೆರಡು ಸಾವಿರ ರೂಪಾಯಿ ಸಾಕು. ಡಿಸ್ಕ್ ಜೋಡಿಯೂ ಸೇರಿದರೆ ಖರ್ಚು ಎರಡು ಮೂರು ಪಟ್ಟಾಗುತ್ತದೆ. ಗರಗರ ಕೇಳಿದ ಕಾರನ್ನು ಓಡಿಸಿಕೊಂಡು ದೂರ ಹೋಗಬೇಡಿ. ಮೆಕ್ಯಾನಿಕ್ಕನ್ನೇ ಕರೆಸಿ, ಇಲ್ಲವೇ ಟೋ ಮಾಡಿಸಿ.

ಆದರೆ ಎಲ್ಲ ಶಬ್ದವೂ ಸವೆತದ್ದಲ್ಲ. ರಾತ್ರಿಯಿಡೀ ಮಳೆಯಲ್ಲಿ ನಿಂತ ಅಥವಾ ಆಗತಾನೇ ತೊಳೆದ ಕಾರಿನ ಡಿಸ್ಕಿನ ಮೇಲೆ ತೆಳುವಾದ ತುಕ್ಕಿನ ಪರದೆ ಹಿಡಿದಿರುತ್ತದೆ. ಬೆಳಿಗ್ಗೆ ಮೊದಲ ನಾಲ್ಕೈದು ಸಲ ಬ್ರೇಕ್ ಹಾಕಿದಾಗ ಉಜ್ಜುವ ಸದ್ದು ಬಂದು, ಆಮೇಲೆ ತಾನಾಗಿ ನಿಂತರೆ ಭಯವಿಲ್ಲ. ಡಿಸ್ಕಿನ ಸಂದಿಗೆ ಸಣ್ಣ ಕಲ್ಲು ಸಿಕ್ಕಿದರೂ ಏಕಾಏಕಿ ಜೋರಾಗಿ ಕಿರುಚುತ್ತದೆ. ಆಗ ಕಲ್ಲು ತೆಗೆಸಿದರೆ ಸಾಕು. ಬಿಟ್ಟುಬಿಡದೆ ದಿನವೂ ಬರುವ ಶಬ್ದಕ್ಕೆ ಮಾತ್ರ ತಕ್ಷಣ ಗಮನ ಕೊಡಿ.

ಆಯಿಲ್ ಡಬ್ಬಿ ಮತ್ತು ಕೆಂಪು ದೀಪ

ಬಾನೆಟ್ ತೆರೆದರೆ ಡ್ರೈವರ್ ಬದಿಯಲ್ಲಿ, ಗಾಜಿನ ಹತ್ತಿರ, ಅರೆಪಾರದರ್ಶಕವಾದ ಸಣ್ಣ ಡಬ್ಬಿ ಕಾಣುತ್ತದೆ. ಅದೇ ಬ್ರೇಕ್ ಆಯಿಲ್ ಡಬ್ಬಿ. ಅದರ ಮೇಲೆ ಕನಿಷ್ಠ, ಗರಿಷ್ಠ ಗೆರೆಗಳಿರುತ್ತವೆ. ಪ್ಯಾಡ್ ಸವೆದು ಪಿಸ್ಟನ್ ಮುಂದೆ ಸರಿದಂತೆ, ಆ ಖಾಲಿ ಜಾಗಕ್ಕೆ ಆಯಿಲ್ ಇಳಿಯುತ್ತದೆ. ಆದ್ದರಿಂದ ಮಟ್ಟ ತಿಂಗಳುಗಳ ಕಾಲ ನಿಧಾನವಾಗಿ ಇಳಿಯುತ್ತಿದ್ದರೆ ಅದು ಪ್ಯಾಡ್ ಸವೆಯುತ್ತಿರುವ ಸೂಚನೆಯೂ ಹೌದು. ಇದನ್ನು ತಿಳಿಯದೆ ಆಗಾಗ ಸುರಿದು ಭರ್ತಿ ಮಾಡುತ್ತಿದ್ದರೆ ಆ ಸೂಚನೆ ಮರೆಯಾಗುತ್ತದೆ. ಮುಂದೆ ಹೊಸ ಪ್ಯಾಡ್ ಹಾಕಲು ಪಿಸ್ಟನ್ನನ್ನು ಹಿಂದಕ್ಕೆ ತಳ್ಳಿದಾಗ ಆಯಿಲ್ ಉಕ್ಕಿ ಚೆಲ್ಲುತ್ತದೆ. ಅದು ಬಿದ್ದ ಕಡೆ ಕಾರಿನ ಬಣ್ಣ ಕಿತ್ತುಬರುತ್ತದೆ.

ಆಯಿಲ್ ಮಟ್ಟ ಕನಿಷ್ಠ ಗೆರೆಗಿಂತ ಕೆಳಗಿಳಿದರೆ ಡ್ಯಾಶ್‌ಬೋರ್ಡಿನಲ್ಲಿ ಕೆಂಪು ಬ್ರೇಕ್ ದೀಪ ಹತ್ತುತ್ತದೆ. ಹ್ಯಾಂಡ್ ಬ್ರೇಕ್ ಎಳೆದಾಗ ಹತ್ತುವ ಅದೇ ದೀಪ. ಹ್ಯಾಂಡ್ ಬ್ರೇಕ್ ಪೂರ್ತಿ ಇಳಿಸಿದರೂ ಅದು ಆರದಿದ್ದರೆ, ತಿರುವುಗಳಲ್ಲಿ ಅಥವಾ ಇಳಿಜಾರಿನಲ್ಲಿ ಮಿಣಮಿಣ ಎಂದು ಹತ್ತಿ ಆರುತ್ತಿದ್ದರೆ ಕಾರು ನಿಲ್ಲಿಸಿ ನೋಡಿ. ಪ್ಯಾಡ್ ಸವೆದಿರಬಹುದು, ಆಯಿಲ್ ಸೋರುತ್ತಲೂ ಇರಬಹುದು. ಎರಡನೆಯದು ಹೆಚ್ಚು ಅಪಾಯದ್ದು. ಕೆಲವು ದುಬಾರಿ ಕಾರುಗಳಲ್ಲಿ ಪ್ಯಾಡಿಗೇ ವಿದ್ಯುತ್ ಸೆನ್ಸರ್ ಅಳವಡಿಸಿ, ಸವೆತಕ್ಕೆ ಪ್ರತ್ಯೇಕ ದೀಪ ಕೊಟ್ಟಿರುತ್ತಾರೆ. ಆದರೂ ಸೆನ್ಸರ್ ಎಲ್ಲ ಚಕ್ರಗಳಲ್ಲೂ ಇರಬೇಕೆಂದಿಲ್ಲ, ಕಣ್ಣಿನ ತಪಾಸಣೆ ತಪ್ಪಿಸಬೇಡಿ.

ಪ್ಯಾಡಿನ ತಪ್ಪಲ್ಲದ ತೊಂದರೆಗಳು

ಬ್ರೇಕಿನಲ್ಲಿ ಏನೇ ಆದರೂ “ಪ್ಯಾಡ್ ಹಾಕ್ಸಿ” ಎನ್ನುವ ಸಲಹೆ ಸಿಗುತ್ತದೆ. ಹಣ ಖರ್ಚಾಗುತ್ತದೆ, ತೊಂದರೆ ಹಾಗೇ ಉಳಿಯುತ್ತದೆ. ಆದ್ದರಿಂದ ಲಕ್ಷಣ ನೋಡಿ ಕಾರಣ ಗುರುತಿಸುವುದನ್ನು ಕಲಿತಿರಬೇಕು.

ವೇಗದಲ್ಲಿ ಬ್ರೇಕ್ ಹಾಕಿದಾಗ ಸ್ಟಿಯರಿಂಗ್ ನಡುಗಿದರೆ, ಪೆಡಲ್ ಕಾಲಿಗೆ ಡಬಡಬ ಬಡಿದರೆ ಅದು ಸಾಮಾನ್ಯವಾಗಿ ಡಿಸ್ಕಿನ ದೋಷ. ಡಿಸ್ಕಿನ ದಪ್ಪ ಒಂದೊಂದು ಕಡೆ ಒಂದೊಂದು ರೀತಿ ಆಗಿರುತ್ತದೆ. ಆದರೆ ಜೋರಾಗಿ ಬ್ರೇಕ್ ಒತ್ತಿದಾಗ ಮಾತ್ರ ಪೆಡಲ್ ಪಟಪಟ ಅದುರಿದರೆ ಅದು ಚಕ್ರ ಸಿಲುಕಿ ಜಾರದಂತೆ ತಡೆಯುವ ಎಬಿಎಸ್ ಕೆಲಸ ಮಾಡುತ್ತಿರುವ ಲಕ್ಷಣ. ಹೆದರಿ ಕಾಲು ತೆಗೆಯಬಾರದು, ಒತ್ತಿಯೇ ಹಿಡಿಯಬೇಕು.

ಬ್ರೇಕ್ ಹಾಕಿದಾಗ ಕಾರು ಒಂದೇ ಬದಿಗೆ ಎಳೆದರೆ ಒಂದು ಕಡೆಯ ಕ್ಯಾಲಿಪರ್ ಸಿಕ್ಕಿಹಾಕಿಕೊಂಡಿರಬಹುದು, ಇಲ್ಲವೇ ಒಂದು ಬದಿಯ ಪ್ಯಾಡಿಗೆ ಎಣ್ಣೆ ತಾಗಿರಬಹುದು. ಪೆಡಲ್ ಸ್ಪಂಜಿನಂತೆ ಮೆತ್ತಗಾಗಿ ಕೆಳಗೆ ಹೋದರೆ ಪೈಪಿನಲ್ಲಿ ಗಾಳಿ ಸೇರಿರಬಹುದು, ಆಯಿಲ್ ಸೋರುತ್ತಿರಬಹುದು. ಇಂಥ ಕಾರನ್ನು ಓಡಿಸಲೇಬಾರದು. ಪೆಡಲ್ ಕಲ್ಲಿನಂತೆ ಗಟ್ಟಿಯಾಗಿ ಎಷ್ಟು ಒತ್ತಿದರೂ ಇಳಿಯದಿದ್ದರೆ, ಕಾಲಿನ ಒತ್ತಿಗೆ ಬಲ ಸೇರಿಸುವ ಬ್ರೇಕ್ ಬೂಸ್ಟರ್ ಕಡೆ ಸಮಸ್ಯೆ ಇರಬೇಕು. ಸಮತಟ್ಟು ರಸ್ತೆಯಲ್ಲಿ ಸ್ವಲ್ಪ ದೂರ ಓಡಿಸಿ ನಿಲ್ಲಿಸಿದಾಗ ಒಂದೇ ಚಕ್ರದ ಬಳಿ ಸುಟ್ಟ ವಾಸನೆ, ವಿಪರೀತ ಬಿಸಿ ಇದ್ದರೆ ಆ ಚಕ್ರದ ಬ್ರೇಕ್ ಬಿಡುತ್ತಿಲ್ಲ ಎಂದರ್ಥ.

ಎಷ್ಟು ಕಿಲೋಮೀಟರಿಗೆ?

ಎಲ್ಲರೂ ಕೇಳುವುದು ಇದನ್ನೇ. ಮುಂದಿನ ಪ್ಯಾಡ್‌ಗಳು ಸಾಮಾನ್ಯವಾಗಿ 30ರಿಂದ 50 ಸಾವಿರ ಕಿಲೋಮೀಟರ್ ಬಾಳುತ್ತವೆ ಎಂದು ಹೇಳಬಹುದಾದರೂ, ಈ ಅಂಕಿಯನ್ನು ನೆಚ್ಚಿಕೊಂಡು ಕೂರಬಾರದು. ಹುಬ್ಬಳ್ಳಿಯಿಂದ ವಿಜಯಪುರಕ್ಕೆ ಬಯಲುಸೀಮೆಯ ನೇರ ರಸ್ತೆಯಲ್ಲಿ ಓಡಾಡುವ ಕಾರಿಗೆ ಇದಕ್ಕಿಂತ ಹೆಚ್ಚು ಬಾಳಬಹುದು. ಬೆಂಗಳೂರಿನ ಸಿಲ್ಕ್ ಬೋರ್ಡ್, ಹೆಬ್ಬಾಳದ ದಟ್ಟಣೆಯಲ್ಲಿ ದಿನಾ ತೆವಳುವ ಕಾರಿಗೆ ಕಡಿಮೆಯಾಗಬಹುದು. ಆಟೊಮ್ಯಾಟಿಕ್ ಗೇರಿನ ಕಾರಿನಲ್ಲಿ ಎಂಜಿನ್ ತಡೆ ಕಡಿಮೆ ಸಿಗುವುದರಿಂದ ಬ್ರೇಕಿನ ಬಳಕೆ ಹೆಚ್ಚು. ಭಾರದ ಎಸ್‌ಯುವಿಯಲ್ಲೂ ಸವೆತ ಜಾಸ್ತಿ. ಎಡಗಾಲಿನಿಂದ ಬ್ರೇಕ್ ಒತ್ತುವ ರೂಢಿ, ಮುಂದಿನ ಗಾಡಿಗೆ ಅಂಟಿಕೊಂಡು ಓಡಿಸುವ ರೂಢಿ ಇದ್ದವರ ಪ್ಯಾಡ್ ಅರ್ಧ ಅವಧಿಯಲ್ಲೇ ಮುಗಿದರೂ ಆಶ್ಚರ್ಯವಿಲ್ಲ. ದೂರದಲ್ಲೇ ಕೆಂಪು ಸಿಗ್ನಲ್ ಕಂಡಾಗ ಆಕ್ಸಿಲರೇಟರಿನಿಂದ ಕಾಲು ತೆಗೆಯುವವರಿಗೆ ಪ್ಯಾಡೂ ಉಳಿಯುತ್ತದೆ, ಪೆಟ್ರೋಲೂ ಉಳಿಯುತ್ತದೆ.

ಎಲೆಕ್ಟ್ರಿಕ್ ಮತ್ತು ಹೈಬ್ರಿಡ್ ಕಾರುಗಳಲ್ಲಿ ವೇಗ ತಗ್ಗಿಸುವ ಕೆಲಸದ ಬಹುಪಾಲನ್ನು ಮೋಟಾರೇ ಮಾಡಿ ಬ್ಯಾಟರಿಗೆ ವಿದ್ಯುತ್ ಮರಳಿಸುತ್ತದೆ. ಪ್ಯಾಡ್ ಬಹಳ ಕಾಲ ಬಾಳುತ್ತದೆ. ಆದರೆ ಬಳಕೆ ಕಡಿಮೆಯಾದ್ದರಿಂದ ಡಿಸ್ಕಿಗೆ ತುಕ್ಕು, ಪಿನ್ನುಗಳಿಗೆ ಜಡತ್ವ ಬರುತ್ತದೆ. ಇಂಥ ಕಾರುಗಳಲ್ಲಿ ದಪ್ಪ ನೋಡುವುದಕ್ಕಿಂತ ಹೆಚ್ಚಾಗಿ ಬ್ರೇಕ್ ಶುಚಿ ಮಾಡಿಸುವುದು, ಗ್ರೀಸ್ ಹಾಕಿಸುವುದು ಮುಖ್ಯ.

ಹಿಂದಿನ ಚಕ್ರಗಳ ಡ್ರಮ್ಮಿನೊಳಗಿರುವ ಲೈನರುಗಳು ಮುಂದಿನ ಪ್ಯಾಡಿಗಿಂತ ಬಹಳ ನಿಧಾನವಾಗಿ ಸವೆಯುತ್ತವೆ. ಆದರೆ ಡ್ರಮ್ ಬಿಚ್ಚದೆ ಅವು ಕಾಣುವುದಿಲ್ಲ. ಹ್ಯಾಂಡ್ ಬ್ರೇಕ್ ಮೊದಲಿಗಿಂತ ಹೆಚ್ಚು ಮೇಲಕ್ಕೆ ಬರುತ್ತಿದ್ದರೆ, ಇಳಿಜಾರಿನಲ್ಲಿ ಕಾರನ್ನು ಹಿಡಿದಿಡದಿದ್ದರೆ ಡ್ರಮ್ ಬಿಚ್ಚಿಸಿ ಲೈನರ್ ನೋಡಿಸಿ.

ಘಾಟಿ ಇಳಿಯುವ ಮುನ್ನ

ಕರ್ನಾಟಕದಲ್ಲಿ ಕಾರಿಟ್ಟವರು ಬ್ರೇಕಿನ ಮಾತನ್ನು ಘಾಟಿಯ ಲೆಕ್ಕದಲ್ಲಿಯೇ ಯೋಚಿಸಬೇಕು. ಶಿರಾಡಿ, ಚಾರ್ಮಾಡಿ, ಹುಲಿಕಲ್, ದೇವಿಮನೆ, ಅರಬೈಲು, ಹದಿನಾಲ್ಕು ಹೇರ್‌ಪಿನ್ ತಿರುವುಗಳ ಆಗುಂಬೆ ಇರುವ ನಾಡಿದು. ಮೈಸೂರು ಕಡೆಯವರಿಗೆ ಊಟಿಯ ದಾರಿಯಲ್ಲಿ 36 ತಿರುವುಗಳ ಕಲ್ಲಟ್ಟಿ ಘಾಟಿಯೂ ಇದೆ.

ಒಂದು ಲೆಕ್ಕ ನೋಡೋಣ. ಜನ, ಲಗೇಜು ಸೇರಿ 1,200 ಕಿಲೋ ತೂಗುವ ಕಾರು 60 ಕಿಲೋಮೀಟರ್ ವೇಗದಿಂದ ಪೂರ್ತಿ ನಿಲ್ಲಲು ಬ್ರೇಕ್ ನುಂಗಬೇಕಾದ ಶಕ್ತಿ ಸುಮಾರು 1.67 ಲಕ್ಷ ಜೂಲ್. ಅದೇ ಕಾರು 500 ಮೀಟರ್ ಎತ್ತರದಿಂದ ಘಾಟಿ ಇಳಿದರೆ ಕರಗಿಸಬೇಕಾದ ಶಕ್ತಿ ಸುಮಾರು 59 ಲಕ್ಷ ಜೂಲ್. ಅಂದರೆ 60ರ ವೇಗದಿಂದ ಒಂದರ ಹಿಂದೊಂದು ಮೂವತ್ತೈದು ಸಲ ಪೂರ್ತಿ ನಿಲ್ಲಿಸಿದಷ್ಟು. ಗಾಳಿ, ಟೈರುಗಳ ತಡೆಗೆ ಒಂದಿಷ್ಟು ಪಾಲು ಹೋದರೂ, ಮಿಕ್ಕಿದ್ದನ್ನೆಲ್ಲ ಎಂಜಿನ್ ಅಥವಾ ಬ್ರೇಕ್ ಹೊರಬೇಕು. ಎಂಜಿನ್ನಿಗೆ ಬಿಡದೆ ಎಲ್ಲವನ್ನೂ ಬ್ರೇಕಿನ ಮೇಲೇ ಹಾಕಿದರೆ ಪ್ಯಾಡ್ ಕಾದು ಹಿಡಿತ ಕಳೆದುಕೊಳ್ಳುತ್ತದೆ.

ಇನ್ನೊಂದು ಅಪಾಯ ಆಯಿಲ್‌ನದು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುವ ಗುಣದ್ದು. ಡಾಟ್ 4 ದರ್ಜೆಯ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬ ಮಾನದಂಡವಿದೆ. ನೀರಿನಂಶ ಸೇರಿದ ಮೇಲೆ ಈ ಕನಿಷ್ಠ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಡಾಟ್ 3ಕ್ಕೆ ಈ ಅಂಕಿಗಳು 205 ಮತ್ತು 140. ಆಯಿಲ್ ಕುದ್ದರೆ ಪೈಪಿನಲ್ಲಿ ಆವಿಯ ಗುಳ್ಳೆಗಳಾಗಿ, ಪೆಡಲ್ ಒತ್ತಿದರೆ ಗುಳ್ಳೆ ಕುಗ್ಗುತ್ತದೆಯೇ ಹೊರತು ಬ್ರೇಕ್ ಹಿಡಿಯುವುದಿಲ್ಲ. ತೆಳುವಾದ ಪ್ಯಾಡ್ ಮತ್ತು ಹಳೆಯ ಆಯಿಲ್ ಜೊತೆಯಾದ ಕಾರು ಘಾಟಿಗೆ ಇಳಿಯಲು ತಕ್ಕದ್ದಲ್ಲ. ಎರಡು ವರ್ಷಕ್ಕೊಮ್ಮೆ ಆಯಿಲ್ ಪೂರ್ತಿ ಬದಲಿಸಿ.

ಇಳಿಯುವ ಕ್ರಮ ಹಿರಿಯ ಚಾಲಕರು ಹೇಳಿಕೊಟ್ಟದ್ದೇ. ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ. ನ್ಯೂಟ್ರಲ್ಲಿಗೆ ಹಾಕಿ, ಎಂಜಿನ್ ಆರಿಸಿ ಇಳಿಯಲೇಬೇಡಿ. ಎಂಜಿನ್ ಆರಿದರೆ ಬೂಸ್ಟರಿನ ಬಲ ಸ್ವಲ್ಪದರಲ್ಲೇ ಮುಗಿದು ಪೆಡಲ್ ಗಟ್ಟಿಯಾಗುತ್ತದೆ. ಆಟೊಮ್ಯಾಟಿಕ್ ಕಾರಿನಲ್ಲಿ ಕೆಳಗಿನ ಗೇರು ಅಥವಾ ಮ್ಯಾನುಯಲ್ ಆಯ್ಕೆ ಬಳಸಿ. ಬ್ರೇಕಿನ ಮೇಲೆ ಕಾಲಿಟ್ಟು ಕೂರದೆ, ತಿರುವಿಗೆ ಮುಂಚೆ ಗಟ್ಟಿಯಾಗಿ ಒತ್ತಿ ವೇಗ ತಗ್ಗಿಸಿ, ಆಮೇಲೆ ಬಿಡಿ. ಪ್ಯಾಡ್ ಕಾದ ವಾಸನೆ ಬಂದರೆ ಸುರಕ್ಷಿತ ಜಾಗ ನೋಡಿ ನಿಲ್ಲಿಸಿ, ಗೇರಿನಲ್ಲಿ ಬಿಟ್ಟು, ಟೈರಿಗೆ ಕಲ್ಲು ಕೊಟ್ಟು, ಅರ್ಧ ಗಂಟೆ ಆರಲು ಬಿಡಿ. ಬೇಗ ತಣಿಯಲೆಂದು ನೀರು ಸುರಿಯಬೇಡಿ. ಕಾದ ಡಿಸ್ಕ್ ಸೊಟ್ಟಗಾಗುತ್ತದೆ, ಬಿರುಕೂ ಬಿಡಬಹುದು.

ಗ್ಯಾರೇಜಿನಲ್ಲಿ ಏನು ಕೇಳಬೇಕು?

“ಮೇಡಂ, ಪ್ಯಾಡ್ ಮುಗಿದಿದೆ, ಹೊಸದು ಹಾಕಿಬಿಡೋಣ್ವಾ?” ಎಂದು ಫೋನ್ ಬಂದರೆ ತಕ್ಷಣ ಹೂಂ ಎನ್ನಬೇಡಿ, ಬೇಡವೆಂದೂ ಹೇಳಬೇಡಿ. “ಎಷ್ಟು ಎಂ.ಎಂ. ಉಳಿದಿದೆ? ಒಳಗಿನದು, ಹೊರಗಿನದು ಎರಡರದ್ದೂ ಫೋಟೋ ಕಳಿಸಿ” ಎಂದು ಕೇಳಿ. ಕೆಲಸ ಬಲ್ಲ ಮೆಕ್ಯಾನಿಕ್ ಈ ಪ್ರಶ್ನೆಗೆ ಬೇಸರಿಸುವುದಿಲ್ಲ. 6 ಮಿಲಿಮೀಟರ್ ಉಳಿದ ಪ್ಯಾಡನ್ನು ಬದಲಿಸುವ ಅಗತ್ಯವೂ ಇಲ್ಲ. ಬದಲಿಸಿದ ಹಳೆಯ ಪ್ಯಾಡನ್ನು ಕೇಳಿ ಪಡೆದು ನೋಡಿ.

ಪ್ಯಾಡ್ ಬದಲಿಸುವಾಗ ಎಡ, ಬಲ ಎರಡೂ ಚಕ್ರಗಳದ್ದನ್ನು ಒಟ್ಟಿಗೇ ಬದಲಿಸಬೇಕು. ಒಂದೇ ಬದಿಗೆ ಹೊಸದು ಹಾಕಿದರೆ ಹಿಡಿತ ಏರುಪೇರಾಗಿ ಕಾರು ಪಕ್ಕಕ್ಕೆ ಎಳೆಯುತ್ತದೆ. ಡಿಸ್ಕಿನ ಮೇಲೆ, ಇಲ್ಲವೇ ಅಂಚಿನಲ್ಲಿ, ಕನಿಷ್ಠ ದಪ್ಪದ ಅಂಕಿ ಅಚ್ಚೊತ್ತಿರುತ್ತದೆ. ಅದಕ್ಕಿಂತ ತೆಳ್ಳಗಾಗಿದ್ದರೆ ಡಿಸ್ಕನ್ನು ಲೇತಿಗೆ ಕೊಟ್ಟು ಸಮ ಮಾಡಿಸಬಾರದು, ಬದಲಿಸಲೇಬೇಕು. ಡಿಸ್ಕಿನ ಮೇಲೆ ಉಗುರು ಎಳೆದು ನೋಡಿ. ಗೀರುಗಳಿಗೆ ಉಗುರು ಸಿಕ್ಕಿಕೊಂಡರೆ ದಪ್ಪ ಅಳೆಸಿ. ಕ್ಯಾಲಿಪರ್ ಪಿನ್ನುಗಳನ್ನು ಶುಚಿ ಮಾಡಿ, ಬ್ರೇಕಿಗೆಂದೇ ಇರುವ ಗ್ರೀಸ್ ಹಾಕಲು ಹೇಳಿ. ಹಿಂದೆ ಡಿಸ್ಕ್ ಇದ್ದು ಬಟನ್ ಒತ್ತುವ ಹ್ಯಾಂಡ್ ಬ್ರೇಕ್ ಇರುವ ಕಾರಾದರೆ, ಪಿಸ್ಟನ್ನನ್ನು ಬಲವಂತವಾಗಿ ತಳ್ಳಬಾರದು. ಸ್ಕ್ಯಾನರ್ ಮೂಲಕ ಅದನ್ನು ಸರ್ವಿಸ್ ಸ್ಥಿತಿಗೆ ತರಬೇಕು.

ಬ್ರೇಕ್ ಧೂಳನ್ನು ಗಾಳಿ ಪೈಪಿನಿಂದ ಊದಿಸಲು ಬಿಡಬೇಡಿ. ಆ ಧೂಳು ಮೆಕ್ಯಾನಿಕ್‌ನ ಶ್ವಾಸಕೋಶಕ್ಕೆ ಹೋಗುತ್ತದೆ. ಹಿಂದೆ ಪ್ಯಾಡ್, ಲೈನರುಗಳಿಗೆ ಕಲ್ನಾರನ್ನು (ಆಸ್ಬೆಸ್ಟಾಸ್) ಬಳಸುತ್ತಿದ್ದರು. ಅದರ ಧೂಳು ಕ್ಯಾನ್ಸರ್ ತರುತ್ತದೆ. ಕೊಳ್ಳುವಾಗ ಕಲ್ನಾರು ಇಲ್ಲವೆಂದು ಪೊಟ್ಟಣದ ಮೇಲೆ ನಮೂದಿಸಿದ ಪ್ಯಾಡನ್ನೇ ಆರಿಸಿ. ಧೂಳು ತೆಗೆಯಲು ಒದ್ದೆ ಬಟ್ಟೆ ಅಥವಾ ಬ್ರೇಕ್ ಕ್ಲೀನರ್ ಬಳಸಲು ಹೇಳುವುದು ದುಡಿಯುವವರ ಬಗ್ಗೆ ನಾವು ತೋರಬೇಕಾದ ಕನಿಷ್ಠ ಕಾಳಜಿ.

ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗಗಳ ಮಾರುಕಟ್ಟೆಯಲ್ಲಿ ನೀವೇ ಕೊಳ್ಳುವುದಾದರೆ ಕಾರಿನ ಮಾದರಿ, ತಯಾರಾದ ವರ್ಷ, ಎಂಜಿನ್ ವಿವರ ಹೇಳಿ, ಬಿಲ್ ಪಡೆಯಿರಿ. ಪೊಟ್ಟಣದಲ್ಲಿ ತಯಾರಕರ ಹೆಸರು, ಭಾಗದ ಸಂಖ್ಯೆ, ಗರಿಷ್ಠ ಬೆಲೆ ಸ್ಪಷ್ಟವಾಗಿರಲಿ. ಅರ್ಧ ಬೆಲೆಗೆ ಸಿಗುವ ಹೆಸರಿಲ್ಲದ ಪ್ಯಾಡನ್ನು ಮುಟ್ಟಬೇಡಿ. ಬೇರೆಲ್ಲಿ ಬೇಕಾದರೂ ಉಳಿಸಿ, ಬ್ರೇಕಿನಲ್ಲಿ ಬೇಡ.

ಹೊಸ ಪ್ಯಾಡ್ ಹಾಕಿದ ಮೇಲೆ

ಕಾರು ಕದಲಿಸುವ ಮೊದಲು ಎಂಜಿನ್ ಚಾಲು ಮಾಡಿ, ಪೆಡಲನ್ನು ಗಟ್ಟಿಯಾಗುವವರೆಗೆ ಹಲವು ಸಲ ಒತ್ತಿ. ಹಿಂದಕ್ಕೆ ತಳ್ಳಿದ ಪಿಸ್ಟನ್ ಮತ್ತೆ ಪ್ಯಾಡಿಗೆ ತಾಗಿ ಕೂರುವವರೆಗೆ ಮೊದಲ ಒತ್ತಿಗೆ ಬ್ರೇಕ್ ಇರುವುದೇ ಇಲ್ಲ. ಇದನ್ನು ಮರೆತು ಗ್ಯಾರೇಜಿನ ಗೇಟಿಗೇ ಗುದ್ದಿಬಿಡಬಹುದು. ಪೆಡಲ್ ಗಟ್ಟಿಯಾದ ಮೇಲೆ ಆಯಿಲ್ ಮಟ್ಟ ನೋಡಿ, ಚಕ್ರದ ನಟ್ಟುಗಳನ್ನು ಸರಿಯಾಗಿ ಬಿಗಿಸಿದ್ದಾರೆಯೇ ಎಂದು ಕೇಳಿ.

ಹೊಸ ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳಲು ಸಮಯ ಬೇಕು. ವಾಹನ ಕಡಿಮೆ ಇರುವ ರಸ್ತೆಯಲ್ಲಿ 50ರ ವೇಗದಿಂದ 10ರವರೆಗೆ, ಹದವಾಗಿ ಒತ್ತಿ, ಎಂಟು ಹತ್ತು ಸಲ ವೇಗ ಇಳಿಸಿ. ನಡುವೆ ಸ್ವಲ್ಪ ದೂರ ಓಡಿಸಿ ತಣಿಯಲು ಬಿಡಿ. ಮೊದಲ 200ರಿಂದ 300 ಕಿಲೋಮೀಟರ್ ಅನಿವಾರ್ಯವಲ್ಲದೆ ಜೋರಾಗಿ ಬ್ರೇಕ್ ಹಾಕಬೇಡಿ. ಆದ್ದರಿಂದಲೇ ಪ್ರವಾಸದ ಹಿಂದಿನ ಸಂಜೆ ಪ್ಯಾಡ್ ಹಾಕಿಸಿ ಬೆಳಿಗ್ಗೆಯೇ ಘಾಟಿಗೆ ಹೊರಡುವುದು ಸರಿಯಲ್ಲ. ಒಂದು ವಾರ ಮುಂಚೆ ಹಾಕಿಸಿ.

ಇಷ್ಟನ್ನೂ ನೆನಪಿಡಲು ಸುಲಭದ ವೇಳಾಪಟ್ಟಿ ಹೀಗಿದೆ. ತಿಂಗಳಿಗೊಮ್ಮೆ ಕಾರು ತೊಳೆಯುವಾಗ ಚಕ್ರದ ಸಂದಿಯಿಂದ ಇಣುಕಿ, ಆಯಿಲ್ ಡಬ್ಬಿ ನೋಡಿ. 10,000 ಕಿಲೋಮೀಟರಿಗೊಮ್ಮೆ ಚಕ್ರ ಬಿಚ್ಚಿಸಿ ಒಳಗಿನ ಪ್ಯಾಡನ್ನೂ ಅಳೆಸಿ, ಬಂದ ಅಂಕಿಯನ್ನು ಸರ್ವಿಸ್ ಪುಸ್ತಕದಲ್ಲಿ ದಿನಾಂಕ, ಕಿಲೋಮೀಟರ್ ಸಹಿತ ಬರೆದಿಡಿ. ಎರಡು ಸಲದ ಅಂಕಿ ಕೈಯಲ್ಲಿದ್ದರೆ ಸವೆತದ ವೇಗ ನಿಮಗೇ ಗೊತ್ತಾಗುತ್ತದೆ. ಕಳೆದ 10,000 ಕಿಲೋಮೀಟರಿನಲ್ಲಿ 2 ಮಿಲಿಮೀಟರ್ ಸವೆದು ಈಗ 5 ಉಳಿದಿದ್ದರೆ, ಇನ್ನೊಂದು 10,000ಕ್ಕೆ ಅದು 3ಕ್ಕೆ ಬರುತ್ತದೆ. ಆ ಲೆಕ್ಕ ಇಟ್ಟುಕೊಂಡವರು ಗ್ಯಾರೇಜಿನವರ ಮಾತಿಗೂ ಕಾಯಬೇಕಿಲ್ಲ, ಶಬ್ದಕ್ಕೂ ಕಾಯಬೇಕಿಲ್ಲ. ಇವತ್ತೇ ಹೋಗಿ ನಿಮ್ಮ ಕಾರಿನ ಮುಂದಿನ ಎರಡೂ ಚಕ್ರ ನೋಡಿ, ಮೊದಲ ಅಂಕಿ ಬರೆದಿಡಿ.